ಅಡಿಟಿಪ್ಪಣಿ ನಲವತ್ತೊಂದು

3 ಫೆಬ್ರವರಿ 2025, ಸೋಮವಾರ

ಮುಂದಿನ ಇತಿಹಾಸಕಾರರ ಅನುಕೂಲಕ್ಕಾಗಿ ದಾಖಲಿಸತಕ್ಕ ವಿಷಯ: ಇಂದು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ನೈರೋಬಿ ಮಹಾನಗರದ ಸೌತ್ ಬಿ ಬಡಾವಣೆಯಲ್ಲಿ, ಶ್ರೀಮಾನ್ ಅನುರಾಗ್ ಎಂಬ ಇಪ್ಪತ್ತಮೂರು ವರ್ಷದ ತರುಣ ಉದ್ಯೋಗಸ್ಥನಾದ. ತೋಪು ಹಾರಿಸಲಿಲ್ಲ. ಗೇಟಿನ ಕಾವಲುಗಾರ ಮಾತ್ರ ನನ್ನ ಗುರುತಿನ ಚೀಟಿ ಇಸಿದುಕೊಂಡು, ಫೋಟೋವನ್ನೂ ಮುಖವನ್ನೂ ಮೂರು ಸಲ ಹೋಲಿಸಿ ನೋಡಿ, ಒಲ್ಲದ ಮನಸ್ಸಿನಿಂದ ಒಳಗೆ ಬಿಟ್ಟ.

ಇದರ ಹಿಂದಿನ ರಾಜಕೀಯ ಪರಿಸ್ಥಿತಿ ಹೀಗಿದೆ. ಭಾವನಿಗೆ ಬ್ಯಾಂಕಿನವರು ಇಲ್ಲಿಗೆ ಪೋಸ್ಟಿಂಗ್ ಕೊಟ್ಟರು. ಅಕ್ಕ ಶ್ರೀರಂಜನಿ, "ಎಂ.ಎ. ಮುಗೀತಲ್ಲ, ಒಂದು ತಿಂಗಳು ಬಂದು ಇದ್ದು ಹೋಗೋ," ಎಂದು ಕಿಲೆಲೆಶ್ವಾ ಬಡಾವಣೆಯ ಫ್ಲ್ಯಾಟಿಗೆ ಕರೆಸಿಕೊಂಡಳು. ಇದು ಐದನೆಯ ತಿಂಗಳು. ಈ ಅವಧಿಯಲ್ಲಿ ನನ್ನ ಆರ್ಥಿಕತೆ ನೂರಕ್ಕೆ ನೂರು ಪಾಲು ಅಕ್ಕನ ನೆರವಿನ ಮೇಲೆ ನಿಂತಿದೆ. ರಫ್ತು ಶೂನ್ಯ, ಆಮದು ದೋಸೆ. ಕಳೆದ ವಾರ ನಾನು ಫ್ಲ್ಯಾಟಿನವರ ವಾಟ್ಸಾಪ್ ಗುಂಪಿನಲ್ಲಿ, ಆಡಳಿತ ಮಂಡಳಿಯ ಧಾಟಿಯಲ್ಲಿ, "ನೀರಿನ ಅಭಾವದ ಕಾರಣ ನಾಳೆ ಸಮಸಂಖ್ಯೆಯ ಮನೆಗಳವರು ಮಾತ್ರ ಸ್ನಾನ ಮಾಡತಕ್ಕದ್ದು" ಎಂದು ಪ್ರಕಟಣೆ ಹೊರಡಿಸಿದ ಮೇಲೆ ಅವಳ ತಾಳ್ಮೆ ಮುಗಿಯಿತು.

"ಲೋ, ಹನ್ನೊಂದನೇ ನಂಬರಿನ ಅಂಕಲ್ ನಿಜವಾಗ್ಲೂ ಸ್ನಾನ ಮಾಡದೆ ಆಫೀಸಿಗೆ ಹೋದ್ರಂತೆ! ನಿನ್ನ ಮನೇಲಿಟ್ಕೊಂಡ್ರೆ ನಮ್ಮನ್ನ ಈ ಬಿಲ್ಡಿಂಗಿಂದ ಓಡಿಸ್ತಾರೆ ಅಷ್ಟೆ."

ಹೀಗಾಗಿ ನನ್ನನ್ನು ಡಾ. ದ್ವಾರಕಾನಾಥ್ ಅವರಿಗೆ ಹಸ್ತಾಂತರಿಸಲಾಯಿತು. ಮೈಸೂರಿನವರು, ಎಪ್ಪತ್ತಾರು ವರ್ಷ, ನಲವತ್ತು ವರ್ಷ ಇಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಕೀಬೋರ್ಡನ್ನು ಒಂದೇ ಬೆರಳಿನಿಂದ, ಇರುವೆ ಹೊಸಕುವವರ ಹಾಗೆ ಒತ್ತುತ್ತಾರೆ. ಅದಕ್ಕೇ ನಾನು.

"ಏನಯ್ಯಾ, ಟೈಪಿಂಗ್ ಬರುತ್ತೇನು?"

"ಬರುತ್ತೆ ಸರ್."

"ಎಕನಾಮಿಕ್ಸು?"

"ಟೈಪಿಂಗ್ ತುಂಬಾ ಚೆನ್ನಾಗಿ ಬರುತ್ತೆ ಸರ್."

ಅವರು ಜೋರಾಗಿ ನಕ್ಕರು. ಒಳಗಿನಿಂದ ಅವರ ಹೆಂಡತಿ ವಿಮಲಾ ಆಂಟಿ, "ಯಾರ್ರೀ ಅದು, ಮೊದಲನೇ ದಿನಾನೇ ನಿಮ್ಮನ್ನ ನಗಿಸಿದ್ದು?" ಎಂದು ಕೇಳಿದರು. ಊಟಕ್ಕೆ ಇಲ್ಲಿಯ ಸುಕುಮಾ ಸೊಪ್ಪಿನ ಹುಳಿ. ವಿದೇಶಾಂಗ ಸಂಬಂಧಗಳು ಉತ್ತಮವಾಗಿವೆ.

6 ಫೆಬ್ರವರಿ, ಗುರುವಾರ

ನಾವು ಮಾಡುತ್ತಿರುವ ಘನಕಾರ್ಯ ಇಂದು ತಿಳಿಯಿತು. ಸೆರಾಲಿ ಎಂಬ ದ್ವೀಪಗಳ ಗುಂಪಿದೆಯಂತೆ, ಹಿಂದೂ ಮಹಾಸಾಗರದಲ್ಲಿ. ಏಳು ದ್ವೀಪ, ಮೂವತ್ತೆಂಟು ಸಾವಿರ ಜನ. ದೂರದ ದೊಡ್ಡ ದೇಶವೊಂದು ಆಳುತ್ತದೆ; ಅಲ್ಲಿಯವರು ಅದನ್ನು 'ದೊಡ್ಡಮನೆ' ಎಂದು ಕರೆಯುತ್ತಾರೆ. ಸ್ವತಂತ್ರವಾಗಬೇಕೇ ಎಂದು ಜನಮತ ಕೇಳೋಣವೇ ಬೇಡವೇ ಎಂಬುದನ್ನು ಅಲ್ಲಿಯ ಪರಿಷತ್ತಿನ ಇಪ್ಪತ್ತೊಂದು ಸದಸ್ಯರು ಮಾರ್ಚ್ 21ರಂದು ತೀರ್ಮಾನಿಸುತ್ತಾರೆ. ಬೇಡ ಎಂದಾದರೆ ಹದಿನೈದು ವರ್ಷ ಆ ಮಾತು ಎತ್ತುವ ಹಾಗಿಲ್ಲ, ಹಾಗೆಂದು ಕಾಯಿದೆ.

ಎಲ್ಲರ ಪ್ರಶ್ನೆ ಒಂದೇ: ಬೇರೆಯಾದರೆ ಊಟಕ್ಕೇನು? ಅದಕ್ಕೆ ಉತ್ತರವಾಗಿ ನಮ್ಮ ಮೇಷ್ಟ್ರು ಇಂಗ್ಲಿಷಿನಲ್ಲಿ ಒಂದು ವರದಿ ಬರೆಯುತ್ತಿದ್ದಾರೆ, ಪುಕ್ಕಟೆಯಾಗಿ.

ಬರೆಸುತ್ತಿರುವವರು ಸೋಲಾಂಜ್ ಮೇಡಂ. ಸೆರಾಲಿಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಈಗ ಇಲ್ಲಿಯ ಗಿಗಿರಿ ಬಡಾವಣೆಯ ಒಂದು ಕಚೇರಿಯಲ್ಲಿ ಅನುವಾದಕಿ, ಸ್ವಾತಂತ್ರ್ಯ ಸಮಿತಿಯ ಕಾರ್ಯದರ್ಶಿ. ಒಂದು ಕಾಲದಲ್ಲಿ ಮೇಷ್ಟ್ರ ಸಂಜೆ ಕಾಲೇಜಿನ ವಿದ್ಯಾರ್ಥಿನಿ. ಇಂದು ಬಂದಿದ್ದರು. ನನ್ನನ್ನು 'ಕಿಜಾನಾ' ಎನ್ನುತ್ತಾರೆ, ಹುಡುಗ ಎಂದರ್ಥ.

"ಕಿಜಾನಾ, ನಮ್ಮ ಕಣ್ಣೆದುರಿಗೇ ಹಡಗುಗಳು ಬಂದು ಟ್ಯೂನಾ ಮೀನು ಬಾಚಿಕೊಂಡು ಹೋಗ್ತವೆ. ಆರು ತಿಂಗಳ ಮೇಲೆ ಅದೇ ಮೀನನ್ನ ಡಬ್ಬಿಯಲ್ಲಿ ನಾವು ದೊಡ್ಡಮನೆಯಿಂದ ಕೊಂಡುಕೊಳ್ತೀವಿ. ಟೈಪ್ ಮಾಡುವಾಗ ಇದನ್ನ ನೆನಪಿಟ್ಟುಕೋ."

ಮೇಷ್ಟ್ರು, "ಸೋಲಾಂಜ್, ಸ್ವಾತಂತ್ರ್ಯ ಬೇಡ ಅಂತ ನಾನು ಬರೆಯೋದಿಲ್ಲ. ಸುಲಭ ಅಂತಲೂ ಬರೆಯೋದಿಲ್ಲ," ಎಂದರು.

"ಅದಕ್ಕೇ ನಿಮ್ಮ ಹತ್ತಿರ ಬಂದಿರೋದು ಡಾಕ್ಟರ್. ಸುಲಭ ಅಂತ ಬರೆಯೋರು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಅವರನ್ನ ಯಾರೂ ನಂಬೋದಿಲ್ಲ."

ಆಕೆ ಹೋದ ಮೇಲೆ ಮೇಷ್ಟ್ರು ಒಂದು ವಿಚಿತ್ರ ಒಪ್ಪಂದ ಮುಂದಿಟ್ಟರು. ಅವರು ಪಾಠ ಮಾಡುವಾಗ ಪ್ರತಿ ಗಂಟೆಗೂ ಒಂದು ಸುಳ್ಳು ಅಂಕಿಅಂಶ ಸೇರಿಸುತ್ತಿದ್ದರಂತೆ. ಹಿಡಿದ ವಿದ್ಯಾರ್ಥಿಗೆ ಒಂದು ಮಾರ್ಕು. ಈಗ ನಾನು ಪ್ರತಿ ಅಧ್ಯಾಯಕ್ಕೆ ಒಂದು 'ಕಳ್ಳವಾಕ್ಯ' ಸೇರಿಸಬೇಕು, ಅವರು ಹಿಡಿಯಬೇಕು. "ತಲೆ ಇನ್ನೂ ಓಡ್ತಾ ಇದೆಯಾ ಅಂತ ಗೊತ್ತಾಗ್ಲಿ ಕಣಯ್ಯಾ." ಸೋತವನು ಕಾಫಿ ಲೋಟ ತೊಳೆಯಬೇಕು.

ಸುಳ್ಳು ಹೇಳಲಿಕ್ಕೆ ಅಧಿಕೃತ ನೇಮಕಾತಿ! ಅವ್ವ ಇದನ್ನು ನೋಡಲು ಇಲ್ಲಿರಬೇಕಿತ್ತು.

14 ಫೆಬ್ರವರಿ, ಶುಕ್ರವಾರ

ಶುಕ್ರವಾರ ವಾಚನದ ದಿನ. ಇದು ಈ ಮನೆಯ ಪದ್ಧತಿ, ಮೇಷ್ಟ್ರ ಪಿಎಚ್.ಡಿ. ಕಾಲದಿಂದಲೂ: ಆಂಟಿ ಟೈಪಾದ ಹಾಳೆಗಳನ್ನು ಗಟ್ಟಿಯಾಗಿ ಓದುತ್ತಾರೆ, ಕಾಮಾ, ಫುಲ್‌ಸ್ಟಾಪ್ ಸಮೇತ. ಮೇಷ್ಟ್ರು ಕಣ್ಣು ಮುಚ್ಚಿ ಕೂರುತ್ತಾರೆ. ತಪ್ಪು ಬಂದಾಗ ತೋರುಬೆರಳು ಮೇಲೇಳುತ್ತದೆ.

ಎರಡನೇ ಅಧ್ಯಾಯದಲ್ಲಿ ನಾನು "ಸೆರಾಲಿಯ ಸರ್ಕಾರಿ ನೌಕರರ ಪೈಕಿ ಉಪನಿರ್ದೇಶಕರ ಸಂಖ್ಯೆ ನಿರ್ದೇಶಿಸಬೇಕಾದವರ ಸಂಖ್ಯೆಗಿಂತ ಶೇಕಡಾ ಹನ್ನೆರಡು ಹೆಚ್ಚು" ಎಂದು ಸೇರಿಸಿದ್ದೆ. ಆಂಟಿ ಓದಿ ಮುಗಿಸುವ ಮೊದಲೇ ಬೆರಳು ಎದ್ದಿತು.

"ಇದು ಕಳ್ಳ. ಆದರೆ ಹೆಚ್ಚುಕಮ್ಮಿ ನಿಜವೇ. ಬೇರೆ ಹಾಕು, ಇನ್ನೂ ಒಳ್ಳೇ ಸುಳ್ಳು ಹಾಕು."

ಲೋಟ ತೊಳೆದೆ. ಇದು ಎರಡನೇ ವಾರ, ಎರಡನೇ ಸೋಲು. ರಾಷ್ಟ್ರ ಶೋಕಾಚರಣೆಯಲ್ಲಿದೆ.

ಮನೆಗೆ ಬರುವಾಗ ಮಟಾಟು ಎಂಬ ಇಲ್ಲಿಯ ಮಿನಿಬಸ್ಸಿನಲ್ಲಿ ನಿಂತೇ ಲೆಕ್ಕ ಹಾಕಿದೆ. ಸೆರಾಲಿಯಲ್ಲಿ ಖರ್ಚಾಗುವ ಪ್ರತಿ ನೂರರಲ್ಲಿ ಐವತ್ತೆಂಟನ್ನು ದೊಡ್ಡಮನೆ ಕೊಡುತ್ತದೆ. ಮೀನಿನ ಹಡಗುಗಳ ಪರವಾನಗಿ ಹಣ ದ್ವೀಪಕ್ಕೇ ಬಂದರೆ ಮೂವತ್ತೊಂದು ತುಂಬುತ್ತದೆ. ಉಳಿಯುವುದು ಇಪ್ಪತ್ತೇಳು. ಇಡೀ ವರದಿ ಈ ಇಪ್ಪತ್ತೇಳರ ಬಗ್ಗೆ. ಎರಡು ವರ್ಷ ಎಕನಾಮಿಕ್ಸ್ ಎಂ.ಎ. ಓದುವಾಗ ಬರದ ಆಸಕ್ತಿ ಈಗೇಕೆ ಬಂತೋ, ತನಿಖೆಯಾಗಬೇಕು.

28 ಫೆಬ್ರವರಿ, ಶುಕ್ರವಾರ

ನಾಲ್ಕನೇ ಅಧ್ಯಾಯ, ಆಸ್ಪತ್ರೆ ಮತ್ತು ದೋಣಿ ಸಂಚಾರ. "ಗವರ್ನರರ ಮೀಸೆಯನ್ನು ಆಮದು ಸುಂಕದಿಂದ ವಿನಾಯಿತಿಗೊಳಿಸಲಾಗಿದೆ" ಎಂದು ಹಾಕಿದ್ದೆ. ಆಂಟಿ ಓದಿದರು. ಮೀಸೆ ಎನ್ನುವಲ್ಲಿ ಅವರ ದನಿ ಸ್ವಲ್ಪ ತಡೆಯಿತು. ಬೆರಳು ಏಳಲಿಲ್ಲ. ಅಧ್ಯಾಯ ಮುಗಿಯಿತು.

"ಈ ಸಲ ಏನೂ ಹಾಕಿಲ್ಲ ಅಲ್ವೇನಯ್ಯಾ? ಸೋಂಬೇರಿ."

ಆಂಟಿ ಹಾಳೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಸರ್. ಮರೆತುಹೋಯ್ತು."

"ಹಾಗಾದ್ರೆ ಲೋಟ ನೀನೇ ತೊಳೆ."

ತೊಳೆದೆ. ಆಮೇಲೆ ಕಂಪ್ಯೂಟರಿನಲ್ಲಿ ಮೀಸೆಯನ್ನು ತೆಗೆದುಹಾಕಿದೆ.

7 ಮಾರ್ಚ್, ಶುಕ್ರವಾರ

ಮತ್ತೆ ಆಯಿತು. ಈ ಸಲ ಹಾಕಿದ್ದು ಸಣ್ಣದೇನಲ್ಲ. ದ್ವೀಪದಲ್ಲಿ ರೈಲು ಇದೆ ಎಂದು ಬರೆದಿದ್ದೆ. ಏಳೂ ದ್ವೀಪ ಸೇರಿಸಿದರೂ ರೈಲು ತಿರುಗಿಸಲಿಕ್ಕೆ ಜಾಗವಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತಲೆದೂಗಿದರು.

ಲೋಟ ತೊಳೆಯುವಾಗ ಆಂಟಿ ಪಕ್ಕಕ್ಕೆ ಬಂದು ನಿಂತರು. ನಲ್ಲಿಯನ್ನು ಇನ್ನಷ್ಟು ತಿರುಗಿಸಿದರು, ಹಾಲಿಗೆ ಕೇಳಿಸದಿರಲೆಂದು.

"ಆರು ತಿಂಗಳಿಂದ ಹೀಗೇ. ಮೊನ್ನೆ ಇಂಡಸ್ಟ್ರಿಯಲ್ ಏರಿಯಾ ಹತ್ತಿರ ದಾರಿ ತಪ್ಪಿ ಯಾರದೋ ಫ್ಯಾಕ್ಟರಿ ಗೇಟಲ್ಲಿ ನಿಂತಿದ್ರು. ನಲವತ್ತು ವರ್ಷ ಓಡಾಡಿದ ರಸ್ತೆ ಅದು."

"ಡಾಕ್ಟರ ಹತ್ತಿರ..."

"ಹೋಗಲ್ಲ ಅಂತಾರೆ. ಆಟ ಗೆಲ್ತಾ ಇದೀನಲ್ಲ, ತಲೆಗೇನಾಗಿದೆ ಅಂತಾರೆ." ನಾನು ತೊಳೆದ ಲೋಟ ಒರೆಸಿಡುತ್ತಾ ಹೇಳಿದರು: "ಇನ್ನೊಂದು ಚೂರು ದಪ್ಪ ಸುಳ್ಳು ಹಾಕೋ ಮರಿ. ಅವರಿಗೆ ಸಿಗೋ ಹಾಗೆ. ಕೊನೇ ಅಧ್ಯಾಯ ಗೆದ್ದು ಮುಗಿಸಲಿ."

ಹೂಂ ಅಂದೆ.

ವರದಿಯ ಬಗ್ಗೆ ಒಂದು ಮಾತು ಬರೆದಿಡಬೇಕು. ಸುಳ್ಳು ಗೊತ್ತಾಗದಿದ್ದರೂ ಅವರ ಲೆಕ್ಕ ತಪ್ಪಿಲ್ಲ. ನಾನು ಎಲ್ಲವನ್ನೂ ಎರಡೆರಡು ಸಲ ಕೂಡಿಸಿ ನೋಡಿದ್ದೇನೆ. ಇಪ್ಪತ್ತೇಳರ ಕೊರತೆಯನ್ನು ಹನ್ನೆರಡು ವರ್ಷದಲ್ಲಿ ಹೇಗೆ ಇಳಿಸಬಹುದು, ಯಾವ ವರ್ಷ ಯಾವುದಕ್ಕೆ ಕೈ ಬಿಗಿಹಿಡಿಯಬೇಕು, ಎಲ್ಲ ಇದೆ. ಇಂಥದ್ದು ಬರೆಯುವ ತಲೆ, ರೈಲನ್ನು ಬಿಟ್ಟುಕೊಟ್ಟಿತಲ್ಲ.

13 ಮಾರ್ಚ್, ಗುರುವಾರ

ನಿನ್ನೆ ಆಂಟಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಎರಡು ವಾರ ಓದುವ ಹಾಗಿಲ್ಲ. ಕೊನೆಯ ಅಧ್ಯಾಯವನ್ನು ತಾವೇ ಕಾಗದದ ಮೇಲೆ ಓದುತ್ತೇನೆ ಎಂದರು ಮೇಷ್ಟ್ರು.

ದಪ್ಪ ಸುಳ್ಳು ಸಿದ್ಧವಾಗಿದೆ. ನೂರಾಹನ್ನೆರಡನೇ ಪುಟ, ಅಡಿಟಿಪ್ಪಣಿ ನಲವತ್ತೊಂದು, ಸಕಲ ಗಾಂಭೀರ್ಯದೊಡನೆ (ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ): "ಆಕ್ಟೋಪಸ್ ಗಣತಿಯ ಪ್ರಕಾರ ಸೆರಾಲಿಯ ಪ್ರತಿಯೊಂದು ಆಕ್ಟೋಪಸ್ ಎಂಟು ಕೈಗಳಿಂದ ಎಂಟು ಉದ್ಯೋಗ ನಿರ್ವಹಿಸಬಲ್ಲದಾದ್ದರಿಂದ ಸ್ವಾತಂತ್ರ್ಯಾನಂತರ ನಿರುದ್ಯೋಗ ಪ್ರಮಾಣವು ಸೊನ್ನೆಗಿಂತ ಕೆಳಗಿಳಿಯುವ ನಿರೀಕ್ಷೆಯಿದೆ."

ಕುರುಡನಿಗೂ ಕಾಣುತ್ತದೆ ಇದು. ಟೈಪ್ ಮಾಡುವಾಗ ನಾನೊಬ್ಬನೇ ನಕ್ಕೆ. ನಾಳೆ ಅವರು ಎರಡು ಬೆರಳು ಎತ್ತುತ್ತಾರೆ.

14 ಮಾರ್ಚ್, ಶುಕ್ರವಾರ

ಗುರು ಶಿಷ್ಯನನ್ನು ಮೀರಿಸಿದ ಪ್ರಸಂಗ!

ಮಧ್ಯಾಹ್ನ ಮೇಷ್ಟ್ರು ಹಾಳೆಗಳನ್ನು ಕೊಟ್ಟರು. ಪ್ರತಿ ಪುಟದ ಕೆಳಗೂ ಸಹಿ. ನೂರಾಹನ್ನೆರಡನೇ ಪುಟ ತೆಗೆದು ನೋಡಿದರೆ ನನ್ನ ಅಡಿಟಿಪ್ಪಣಿಗೆ ಕೆಂಪು ಶಾಯಿಯಲ್ಲಿ ಒಂದು ಕಾಮಾ ಸೇರಿಸಿದ್ದಾರೆ. 'ನಿರ್ವಹಿಸಬಲ್ಲದಾದ್ದರಿಂದ' ಆದ ಮೇಲೆ. ಬೇರೇನೂ ಇಲ್ಲ. ಅಂದರೆ ನೋಡಿದ್ದಾರೆ, ಹಿಡಿದಿದ್ದಾರೆ, ಮುಖದ ಮೇಲೆ ಒಂದು ಗೆರೆಯೂ ಅಲುಗದ ಹಾಗೆ ನನ್ನ ಆಟವನ್ನೇ ನನ್ನ ಮೇಲೆ ತಿರುಗಿಸಿದ್ದಾರೆ. ಸೋಮವಾರದ ತನಕ ನನ್ನನ್ನು ಬೇಯಿಸುವ ಯೋಜನೆ.

ನಾನೂ ಸೊಪ್ಪು ಹಾಕಲಿಲ್ಲ. ಕಾಮಾವನ್ನು ಭಯಭಕ್ತಿಯಿಂದ ಕಂಪ್ಯೂಟರಿಗೆ ಸೇರಿಸಿ, "ಆಯ್ತು ಸರ್, ಎಲ್ಲಾ ತಿದ್ದಿದೀನಿ," ಎಂದೆ. "ಭೇಷ್," ಎಂದರು. ಸೋಮವಾರ ಇಬ್ಬರೂ ಕೂತು ಕಳ್ಳನನ್ನು ಹೊರಗೆ ಹಾಕಿದರಾಯಿತು. ಸೋಲಾಂಜ್ ಮೇಡಂ ತೆಗೆದುಕೊಂಡು ಹೋಗುವುದು ಮಂಗಳವಾರ.

ನಾಳೆ ಅಕ್ಕ, ಭಾವನ ಜೊತೆ ನೈವಾಷಾ ಕೆರೆಗೆ.

17 ಮಾರ್ಚ್, ಸೋಮವಾರ

ಸೋಲಾಂಜ್ ಮೇಡಂ ಶನಿವಾರವೇ ಬಂದು ತೆಗೆದುಕೊಂಡು ಹೋಗಿದ್ದಾರೆ. ವಿಮಾನ ಮುಂಚೆ ಸಿಕ್ಕಿತಂತೆ. ಮೇಷ್ಟ್ರೇ ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದಾರೆ. "ನೋಡು, ಒಂದೇ ಬೆರಳಲ್ಲಿ ಮಾಡಿದೆ," ಎಂದು ಹೆಮ್ಮೆಯಿಂದ ಹೇಳಿದರು.

"ಕೊನೇ ಅಧ್ಯಾಯಾನೂ ಕೊಟ್ರಾ ಸರ್?"

"ಎಲ್ಲಾ."

"ಅದರಲ್ಲಿ ಏನಾದ್ರೂ... ಕಂಡಿತಾ ನಿಮಗೆ?"

"ಎಲ್ಲಾ ಸರಿಯಾಗಿತ್ತಯ್ಯಾ. ಒಂದು ಕಡೆ ಕಾಮಾ ಬಿಟ್ಟಿದ್ದೆ, ಅಷ್ಟೆ. ಈ ಸಲ ಕಳ್ಳವಾಕ್ಯ ಹಾಕಲಿಲ್ಲವಲ್ಲ, ಒಳ್ಳೇದು ಮಾಡಿದೆ. ಮುಖ್ಯವಾದ ಅಧ್ಯಾಯ. ನಿನಗೂ ಜವಾಬ್ದಾರಿ ಬಂತು ಅಂತ ವಿಮಲಾಗೆ ಹೇಳಿದೆ."

ಆಂಟಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಅವರಿಗೆ ಏನೂ ಗೊತ್ತಿಲ್ಲ.

ಹೇಳಲು ಬಾಯಿ ತೆರೆದೆ. ಹೇಳಿದರೆ, ಆಕ್ಟೋಪಸ್ ಕೂಡ ನಿಮಗೆ ಕಾಣಲಿಲ್ಲ ಎಂದು ಹೇಳಿದ ಹಾಗೆ. "ಕಾಫಿ ಮಾಡ್ಲಾ ಸರ್?" ಎಂದು ಕೇಳಿದೆ.

18 ಮಾರ್ಚ್, ಮಂಗಳವಾರ

ಸೋಲಾಂಜ್ ಮೇಡಂಗೆ ಸಂದೇಶ ಬರೆದೆ. ಅಳಿಸಿದೆ. ಮತ್ತೆ ಬರೆದೆ. ಆಕೆ ತಕ್ಷಣ ಮೇಷ್ಟ್ರಿಗೆ ಫೋನ್ ಮಾಡುತ್ತಾರೆ.

ನೂರಾಇಪ್ಪತ್ತು ಪುಟದ ವರದಿಯಲ್ಲಿ ಅಡಿಟಿಪ್ಪಣಿ ಓದುವವರು ಯಾರು? ನಾನು ಎಂ.ಎ. ಮುಗಿಸಿದ್ದೇ ಒಂದೂ ಅಡಿಟಿಪ್ಪಣಿ ಓದದೆ.

19 ಮಾರ್ಚ್, ಬುಧವಾರ

ಯಾರೂ ಓದುವುದಿಲ್ಲ.

22 ಮಾರ್ಚ್, ಶನಿವಾರ

ಓದಿದರು.

ಗುರುವಾರ ಪರಿಷತ್ತಿನಲ್ಲಿ ವರದಿ ಮಂಡನೆಯಾಯಿತು. ದೊಡ್ಡಮನೆಯ ಪರವಾದ ಸದಸ್ಯನೊಬ್ಬ ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಅಡಿಟಿಪ್ಪಣಿ ನಲವತ್ತೊಂದನ್ನು ನಿಧಾನವಾಗಿ ಓದಿದ. ಕಾಮಾ ಇರುವಲ್ಲಿ ನಿಲ್ಲಿಸಿದ. ವೀಡಿಯೋ ಫೇಸ್‌ಬುಕ್ಕಿನಲ್ಲಿದೆ. ಸಭೆ ನಗುತ್ತದೆ, ನಿಲ್ಲುತ್ತದೆ, ಮತ್ತೆ ನಗುತ್ತದೆ. ಹಿಂದಿನ ಸಾಲಿನ ಇಬ್ಬರು ಒಬ್ಬರ ಬೆನ್ನಿಗೊಬ್ಬರು ನಿಂತು ನಾಲ್ಕು ಕೈ ಆಡಿಸುತ್ತಾರೆ. "ಇದು ಇವರ ಅರ್ಥಶಾಸ್ತ್ರ!" ಎನ್ನುತ್ತಾನೆ ಓದಿದವನು. ಸೋಲಾಂಜ್ ಮೇಡಂ ಗ್ಯಾಲರಿಯಲ್ಲಿ ಕೂತಿದ್ದಾರೆ. ಕ್ಯಾಮೆರಾ ಅವರನ್ನು ಎರಡು ಸಲ ತೋರಿಸುತ್ತದೆ. ಎರಡೂ ಸಲ ಅವರು ವರದಿಯ ಪುಟ ತಿರುವುತ್ತಿದ್ದಾರೆ, ಹುಡುಕುತ್ತಿರುವವರ ಹಾಗೆ.

ಇಪ್ಪತ್ತೇಳರ ಬಗ್ಗೆ ಯಾರೂ ಮಾತಾಡಲಿಲ್ಲ. ನಿನ್ನೆ ಮತ ಹಾಕಿದರು. ಬೇಡ ಎಂದವರು ಹನ್ನೆರಡು, ಬೇಕು ಎಂದವರು ಒಂಬತ್ತು.

ಇಂದು ಹೋದಾಗ ಮೇಷ್ಟ್ರು ಫೋನಿನಲ್ಲಿದ್ದರು, ಸ್ಪೀಕರಿನಲ್ಲಿ. ಸೋಲಾಂಜ್ ಮೇಡಂ ದನಿ ಬಹಳ ಮೆತ್ತಗಿತ್ತು.

"ಡಾಕ್ಟರ್, ಅದನ್ನ ನೀವು ಬರೀಲಿಲ್ಲ ಅಂತ ಒಂದು ಮಾತು ಹೇಳಿ. ಸಾಕು."

ಮೇಷ್ಟ್ರ ಮುಂದೆ ನೂರಾಹನ್ನೆರಡನೇ ಪುಟ ತೆರೆದಿತ್ತು. ಅವರು ನನ್ನ ಕಡೆ ನೋಡಲಿಲ್ಲ.

"ನಾನೇ ಬರೆದದ್ದು ಸೋಲಾಂಜ್. ನಿನಗೆ ನೆನಪಿರಬೇಕು, ಕ್ಲಾಸಿನಲ್ಲಿ ಹಾಕ್ತಿದ್ದೆನಲ್ಲ. ಹಳೇ ಚಟ. ತೆಗೀಬೇಕು ಅಂತಿದ್ದೆ, ಮರೆತೆ."

ಆ ಕಡೆಯಿಂದ ಸೋಲಾಂಜ್ ಮೇಡಂ, "ನಮ್ಮದು ನಿಮಗೆ ಕ್ಲಾಸ್‌ರೂಮಾ ಡಾಕ್ಟರ್?" ಎಂದರು. ಫೋನ್ ಇಟ್ಟರು.

ನಾನು ಅಲ್ಲೇ ನಿಂತಿದ್ದೆ. ಮೂರು ಹೆಜ್ಜೆ ದೂರ. 'ನಾನು' ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು?

"ಸರ್," ಎಂದೆ ಕೊನೆಗೆ.

"ಆಟ ಶುರುಮಾಡಿದ್ದು ನಾನಲ್ಲವೇನಯ್ಯಾ. ಹೋಗು ಮನೆಗೆ."

25 ಮಾರ್ಚ್, ಮಂಗಳವಾರ

ಮೇಷ್ಟ್ರು ರೂಮಿನಿಂದ ಹೊರಗೆ ಬರಲಿಲ್ಲ. ಆಂಟಿ ನನ್ನನ್ನು ಹಿತ್ತಲಿಗೆ ಕರೆದರು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಇಬ್ಬರೂ ನಿಂತೆವು.

"ನಾನು ಎಲ್ಲರಿಗೂ ನಿಜ ಹೇಳ್ತೀನಿ ಆಂಟಿ."

"ಏನಂತ ಹೇಳ್ತೀಯ? ಹಾಕಿದ್ದು ನೀನು, ನೋಡದೆ ಬಿಟ್ಟಿದ್ದು ಅವರು ಅಂತಲಾ?" ಅವರು ಕನ್ನಡಕ ತೆಗೆದು ಸೆರಗಿನಿಂದ ಕಣ್ಣಿನ ಸುತ್ತ ಒತ್ತಿಕೊಂಡರು. "ಮೇಷ್ಟ್ರು ತಮಾಷೆ ಮಾಡಿದ್ರು ಅಂತ ಜನ ಬೈಕೊಳ್ಳಲಿ. ತಲೆ ಹೋಗಿದೆ ಅಂತ ಅನ್ನೋದು ಬೇಡ. ಅವರಿಗೆ ಬೇಕಿರೋದೂ ಅದೇ. ಅದಕ್ಕೇ ಹಾಗಂದದ್ದು."

"ಸೋಲಾಂಜ್ ಮೇಡಂ?"

"ಅದೇ ಕಣೋ. ದಪ್ಪ ಸುಳ್ಳು ಹಾಕು ಅಂದವಳು ನಾನು. ಅವಳ ಮುಖ ಹೇಗೆ ನೋಡಲಿ? ಈಗ ಅವರು ಅನ್ನ ಬಿಟ್ಟು ಕೂತಿದಾರೆ. ರಾತ್ರಿಯೆಲ್ಲಾ ಅದೇ ಪುಟ ಓದ್ತಾರೆ. 'ನನಗೆ ಹೇಗೆ ಕಾಣಲಿಲ್ಲ ವಿಮಲಾ, ಹೇಗೆ ಕಾಣಲಿಲ್ಲ' ಅಂತಾರೆ."

ಕೆಂಪು ಕಾಮಾ ಇರುವ ಹಾಳೆ ನನ್ನ ಬ್ಯಾಗಿನಲ್ಲೇ ಇದೆ. ಅವರು ಓದುತ್ತಿರುವುದು ಆಮೇಲೆ ಪ್ರಿಂಟ್ ಮಾಡಿದ್ದನ್ನು.

ಸೋಮವಾರ, ಮಂಗಳವಾರ, ಬುಧವಾರ. ಪೂರ್ತಿ ಮೂರು ದಿನ ಇತ್ತು. 'ಟೈಪಿಂಗ್ ತಪ್ಪು, ಅಡಿಟಿಪ್ಪಣಿ ನಲವತ್ತೊಂದನ್ನು ತೆಗೆದುಹಾಕಿ' ಎಂದು ಒಂದು ಸಾಲು ಕಳಿಸಿದ್ದರೆ ಮೇಷ್ಟ್ರ ಹೆಸರೂ ಎತ್ತಬೇಕಿರಲಿಲ್ಲ. ಅದು ಈಗ ಹೊಳೆಯುತ್ತಿದೆ. ಊರಿಗೆಲ್ಲ ಸುಳ್ಳು ಪ್ರಕಟಣೆ ಹೊರಡಿಸುವವನಿಗೆ, ಬೇಕಾದಾಗ ಇಷ್ಟು ಸಣ್ಣ ಸುಳ್ಳು ಹೊಳೆಯಲಿಲ್ಲ.

27 ಮಾರ್ಚ್, ಗುರುವಾರ

ಮಳೆ ಶುರುವಾಗಿದೆ. ಕೆಲಸಕ್ಕೆ ಹೋಗಲಿಲ್ಲ. ಅಕ್ಕ, "ಏನಾಯ್ತೋ, ಎರಡು ದಿನದಿಂದ ಒಂದು ಕೀಟಲೇನೂ ಇಲ್ಲ, ಜ್ವರಾನಾ?" ಎಂದು ಹಣೆ ಮುಟ್ಟಿ ನೋಡಿದಳು.

29 ಮಾರ್ಚ್, ಶನಿವಾರ

ಸೋಲಾಂಜ್ ಮೇಡಂ ವಾಪಸು ಬಂದಿದ್ದಾರೆಂದು ತಿಳಿದು ಫೋನ್ ಮಾಡಿದೆ. ಗಿಗಿರಿಯ ಅವರ ಕಚೇರಿಯ ಎದುರಿನ ಹೋಟೆಲಿಗೆ ಬರಲು ಹೇಳಿದರು. ಹೊರಡುವ ಮೊದಲು ಬ್ಯಾಗಿನಲ್ಲಿದ್ದ ಹಾಳೆಯನ್ನು ಹರಿದು, ಚೂರುಗಳನ್ನು ಅಕ್ಕನ ಅಡುಗೆಮನೆಯ ಕಸದಲ್ಲಿ ಸೊಪ್ಪಿನ ದಂಟುಗಳ ಕೆಳಗೆ ಹಾಕಿದೆ.

ಅವರು ಚಹಾ ತರಿಸಿದರು. ಒಂದೇ, ತಮಗೆ.

"ಆ ಟಿಪ್ಪಣಿ ಬರೆದದ್ದು ನಾನು ಮೇಡಂ. ಸರ್ ನನ್ನನ್ನ ಉಳಿಸೋಕೆ ತಾವೇ ಬರೆದದ್ದು ಅಂದ್ರು."

ಅವರಿಗೆ ಆಶ್ಚರ್ಯವಾಗಲಿಲ್ಲ. ಎಷ್ಟೋ ವರ್ಷ ಶಾಲೆಯ ಮಕ್ಕಳನ್ನು ನೋಡಿದವರು.

"ಅವರು ಓದೋದಕ್ಕೆ ಮೊದಲೋ, ಓದಿದ ಮೇಲೋ?"

ಈ ಪ್ರಶ್ನೆ ಬರುತ್ತದೆಂದು ಮಟಾಟುವಿನಲ್ಲಿ ಬರುವಾಗಲೇ ಗೊತ್ತಿತ್ತು.

"ಓದಿದ ಮೇಲೆ. ಅವರು ಎಲ್ಲಾ ಪುಟ ಓದಿ ಸಹಿ ಹಾಕಿ ಕೊಟ್ಟಿದ್ರು. ತಿದ್ದುವಾಗ ನಾನು ಸೇರಿಸಿದೆ. ಅವರಿಗೆ ಗೊತ್ತೇ ಇರಲಿಲ್ಲ."

"ಯಾಕೆ?"

ನನ್ನ ಹತ್ತಿರ ಎಲ್ಲದಕ್ಕೂ ಒಂದು ಮಾತಿರುತ್ತಿತ್ತು. "ತಮಾಷೆಗೆ," ಎಂದೆ.

ಅವರು ಚಹಾವನ್ನು ಕಲಕಿದರು. ಸಕ್ಕರೆ ಹಾಕಿರಲಿಲ್ಲ.

"ನಿನಗೆ ಎಷ್ಟು ವಯಸ್ಸು ಕಿಜಾನಾ?"

"ಇಪ್ಪತ್ತಮೂರು."

"ಮುಂದಿನ ಸಲ ಈ ಪ್ರಶ್ನೆ ಪರಿಷತ್ತಿಗೆ ಬರುವಾಗ ನಿನಗೆ ಮೂವತ್ತೆಂಟು. ಮದುವೆ, ಮಕ್ಕಳು ಎಲ್ಲಾ ಆಗಿರುತ್ತೆ. ನನಗೆ ಎಪ್ಪತ್ತೈದು."

ಆಕ್ಟೋಪಸ್ ಇಲ್ಲದಿದ್ದರೂ ಸೋಲುತ್ತಿದ್ದೆವೇ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಸೋಲ್ತಿದ್ವೋ ಏನೋ. ಮಂಡನೆಯ ಹಿಂದಿನ ದಿನ ಇಬ್ಬರು ಸದಸ್ಯರು ವರದಿ ಓದಿ ಯೋಚನೆ ಮಾಡ್ತೀವಿ ಅಂದಿದ್ರು. ಮೀನುಗಾರರ ಕಡೆಯವರು. ಓದಿ ಸೋತಿದ್ರೆ ನನಗೆ ಇಷ್ಟು ಸಂಕಟ ಆಗ್ತಿರಲಿಲ್ಲ."

ಇಬ್ಬರು. ಹನ್ನೆರಡರಿಂದ ಇಬ್ಬರು ಈಚೆಗೆ ಬಂದರೆ ಹತ್ತು, ಹನ್ನೊಂದು. ನಾನು ಎರಡು ಸಲ ಕೂಡಿಸಿ ನೋಡಿದೆ.

"ಇದನ್ನ ಬರೆದುಕೊಡು. ನಿನ್ನ ಹೆಸರು ಹಾಕಿ. ನಮ್ಮ ಪತ್ರಿಕೆಗೆ ಕಳಿಸ್ತೀನಿ. ಮತ ಬದಲಾಗೋದಿಲ್ಲ. ಡಾಕ್ಟರ ಲೆಕ್ಕವನ್ನ ಯಾರಾದ್ರೂ ಮತ್ತೆ ತೆಗೆದು ಓದಬಹುದು."

ಅಲ್ಲೇ ಕೂತು ಬರೆದೆ. ಐದು ಸಾಲು. ಅವರು ಓದಿ, ಮಡಿಸಿ, ಬ್ಯಾಗಿಗೆ ಹಾಕಿಕೊಂಡು, ನನ್ನನ್ನು ನೋಡದೆ ಎದ್ದು ಹೋದರು.

5 ಏಪ್ರಿಲ್, ಶನಿವಾರ

ಬೆಳಿಗ್ಗೆ ಮೇಷ್ಟ್ರ ಫೋನ್. "ಬಾ," ಎಂದಷ್ಟೇ.

ಹೋದಾಗ ಸೋಲಾಂಜ್ ಮೇಡಂ ಸೋಫಾದಲ್ಲಿ ಕೂತಿದ್ದರು. ಅವರ ಮುಂದೆ ಕಾಫಿ ಲೋಟ, ಕೋಡುಬಳೆಯ ತಟ್ಟೆ. ಮೇಷ್ಟ್ರ ಕೈಯಲ್ಲಿ ಸೆರಾಲಿಯ ಪತ್ರಿಕೆಯಲ್ಲಿ ಬಂದ ನನ್ನ ಪತ್ರದ ಪ್ರಿಂಟ್. ಆಂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ನಾನು ಓದಿ ಸಹಿ ಹಾಕಿದ ಮೇಲೆ ಹಾಕಿದ್ಯಾ?"

"ಹೌದು ಸರ್."

"ಶುಕ್ರವಾರ ಮಧ್ಯಾಹ್ನ?"

"ಹೌದು."

"ನನಗೆ ಆ ಪುಟದಲ್ಲಿ ಕಾಮಾ ಹಾಕಿದ ನೆನಪಿದೆಯಲ್ಲಯ್ಯಾ."

ಆಂಟಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು.

"ಅದು ನಲವತ್ತನೇ ಟಿಪ್ಪಣಿಗೆ ಸರ್. ಮೇಲಿನದು."

"ಆ ಹಾಳೆ ಎಲ್ಲಿ?"

"ತಿದ್ದಿದ ಮೇಲೆ ಬಿಸಾಡಿದೆ."

ಅವರು ಎದ್ದು ನಿಂತರು. ಅವರಿಗೆ ಕೋಪ ಬಂದಿತ್ತು, ನಿಜವಾದ ಕೋಪ. ಆದರೆ ಎರಡು ವಾರದಿಂದ ಬಗ್ಗಿದ್ದ ಬೆನ್ನು ನೆಟ್ಟಗಾಗಿತ್ತು. ಕ್ಲಾಸಿನಲ್ಲಿ ಹೀಗೇ ನಿಲ್ಲುತ್ತಿದ್ದರೇನೋ.

"ನಿನ್ನನ್ನ ಮಗನ ಹಾಗೆ ನೋಡಿದೆ. ಇವಳ ದೇಶದ ಜೊತೆ ಆಟ ಆಡಿದೆ ನೀನು. ಹೋಗು. ಇನ್ನು ಈ ಮನೆಗೆ ಬರಬೇಡ."

"ಆಯ್ತು ಸರ್."

ಆಂಟಿ ಏನೋ ಹೇಳಲು ಬಾಯಿ ತೆರೆದರು. ನಾನು ತಲೆ ಅಲ್ಲಾಡಿಸಿದೆ.

ಹೊರಗೆ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದೆ. ಮಳೆಗೆ ಲೇಸು ಒದ್ದೆಯಾಗಿ ಗಂಟು ಬೀಳಲಿಲ್ಲ. ಒಳಗಿನಿಂದ ಮೇಷ್ಟ್ರ ದನಿ ಕೇಳಿಸಿತು, ಮೊದಲ ದಿನ ನಕ್ಕಾಗಿನಷ್ಟೇ ಗಟ್ಟಿಯಾಗಿ.

"ನಾನು ನೋಡಲಿಲ್ಲ ಅಂತಲ್ಲ ವಿಮಲಾ. ಅದು ಅಲ್ಲಿ ಇರಲೇ ಇಲ್ಲ."

ಆಂಟಿ ಹೇಳಿದರು: "ಹೌದೂಂದ್ರೆ. ಇರಲಿಲ್ಲ."